ಆ ಸದ್ದು ಎಲ್ಲಿಂದ ಬರುತ್ತಿದೆ? ಸೆಕೆಂಡ್ ಹ್ಯಾಂಡ್ ನಾಲ್ಕು ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್ ಬಗ್ಗೆ ಒಂದು ಮಾತು

(ಮನೆಯಲ್ಲೇ ರೆಕಾರ್ಡಿಂಗ್ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಯಂತ್ರದಿಂದ ಸದ್ದು ಕೇಳಿಸಿದ ಕಡೆಗಳಲ್ಲಿ ಅದನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗ ಸ್ಪೀಕರ್‌ನಲ್ಲಿ ಮೂರು ಸದ್ದು ಒಟ್ಟಿಗೆ ಕೇಳಿಸಿತು. ಮೇಲೆ ಒಂದು ತೆಳುವಾದ 'ಸ್ಸ್'. ಕೆಳಗೆ ಒಂದು 'ಗುಂಯ್'. ನಡುನಡುವೆ 'ಚರ್ ಚರ್'. ಸೆಕೆಂಡ್ ಹ್ಯಾಂಡ್ ಪೋರ್ಟಾಸ್ಟುಡಿಯೋ, ಅಂದರೆ ಇಂಥ ನಾಲ್ಕು ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್, ಕೊಂಡವರು ಬಹುಪಾಲು ಮಂದಿ ಇದನ್ನು ಕೇಳಿ "ಯಂತ್ರ ಹೋಗಿದೆ, ಮೋಸ ಹೋದೆ" ಅಂದುಕೊಳ್ಳುತ್ತಾರೆ. ಈ ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಒಂದು ಸದ್ದಂತೂ ಯಂತ್ರದ್ದೇ ಅಲ್ಲ, ಈ ಕೋಣೆಯದ್ದು. ಅದು ಯಾವುದು ಅಂತ ಆಮೇಲೆ ತೋರಿಸುತ್ತೇನೆ.

ನಾನು ಇವತ್ತು ಒತ್ತಿ ಹೇಳಬೇಕಾದದ್ದು ಒಂದೇ. ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋ ಮೊದಲು ಸದ್ದು ಎಲ್ಲಿ ಹುಟ್ಟುತ್ತಿದೆ ಅಂತ ಗೊತ್ತು ಮಾಡಿಕೊಳ್ಳಿ. ಈಚೆಗೆ ಹಳೆಯ ಯಂತ್ರ ಸಿಕ್ಕ ಕೂಡಲೇ ಒಳಗಿರುವ ಕೆಪಾಸಿಟರ್‌ಗಳನ್ನೆಲ್ಲಾ ಬದಲಿಸುವ ಅಭ್ಯಾಸ ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಒಳಗಿನ ಬೋರ್ಡ್‌ಗಳು ಹಳೆಯವು. ಬಿಸಿ ಜಾಸ್ತಿಯಾದರೆ ತಾಮ್ರದ ಪಟ್ಟಿ ಎದ್ದು ಬರುತ್ತದೆ. ಒಂದು ಕಡೆಯ ದೋಷ ಹುಡುಕಲು ಹೋಗಿ ಮೂರು ಹೊಸ ದೋಷ ಹುಟ್ಟಿಸಿಕೊಂಡ ಯಂತ್ರಗಳು ರಿಪೇರಿಗೆ ಬರುತ್ತಲೇ ಇರುತ್ತವೆ.

ಈ ಯಂತ್ರ ಏನು ಅಂತ ಬೇಗ ಹೇಳಿಬಿಡುತ್ತೇನೆ. 1979ರಲ್ಲಿ ಜಪಾನಿನ ಟೀಯಾಕ್ ಕಂಪನಿ 144 ಅನ್ನುವ ಮಾಡೆಲ್ ತಂದಿತು. ಸದ್ದುಗಳನ್ನು ಬೆರೆಸುವ ಮಿಕ್ಸರ್ ಮತ್ತು ನಾಲ್ಕು ಸದ್ದನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿಯುವ ನಾಲ್ಕು ಟ್ರ್ಯಾಕ್ ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಅದೂ ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಯಾಸೆಟ್ ಮೇಲೆ. ಸ್ಟುಡಿಯೋ ಬಾಡಿಗೆ ಕಟ್ಟಲು ಆಗದವರು ಮನೆಯಲ್ಲೇ ಹಾಡಿಗೆ ಗಿಟಾರ್, ಗಿಟಾರ್‌ಗೆ ತಾಳ ಅಂತ ಒಂದರ ಮೇಲೊಂದು ಸೇರಿಸುವುದು ಇದರಿಂದ ಸಾಧ್ಯವಾಯಿತು. ಆಮೇಲೆ ಟಾಸ್ಕ್ಯಾಮ್, ಫೋಸ್ಟೆಕ್ಸ್, ಯಮಾಹಾ ಎಲ್ಲರೂ ಇಂಥವನ್ನು ಮಾಡಿದರು. ಇಲ್ಲಿ ಮೇಜಿನ ಮೇಲಿರುವುದು ಟಾಸ್ಕ್ಯಾಮ್ 424.

ಕ್ಯಾಸೆಟ್ ಟೇಪ್‌ನ ಅಗಲ 3.81 ಮಿಲಿಮೀಟರ್. ನಮ್ಮ ಮನೆಯ ಟೇಪ್ ರೆಕಾರ್ಡರ್‌ನಲ್ಲಿ ಎ ಸೈಡ್‌ಗೆ ಎರಡು ಟ್ರ್ಯಾಕ್, ತಿರುಗಿಸಿ ಹಾಕಿದರೆ ಬಿ ಸೈಡ್‌ಗೆ ಎರಡು. ಇಲ್ಲಿ ನಾಲ್ಕೂ ಒಂದೇ ದಿಕ್ಕಿಗೆ ಓಡುತ್ತವೆ. ಹಳೆಯ ಭಾವಗೀತೆ ಕ್ಯಾಸೆಟ್ ಒಂದನ್ನು ಇದರಲ್ಲಿ ಹಾಕಿ ನೋಡಿ, ಎರಡು ಟ್ರ್ಯಾಕ್‌ನಲ್ಲಿ ಹಾಡು ನೆಟ್ಟಗೆ, ಇನ್ನೆರಡರಲ್ಲಿ ಬಿ ಸೈಡ್ ಹಾಡು ಹಿಂದುಮುಂದಾಗಿ ಕೇಳುತ್ತದೆ. ಟ್ರ್ಯಾಕ್‌ಗಳ ನಡುವೆ ಖಾಲಿ ಜಾಗವೂ ಬೇಕಲ್ವಾ, ಹಾಗಾಗಿ ಒಂದೊಂದು ಟ್ರ್ಯಾಕ್‌ಗೆ ಒಂದು ಮಿಲಿಮೀಟರ್ ಕೂಡ ಸಿಗುವುದಿಲ್ಲ. ಟ್ರ್ಯಾಕ್ ಕಿರಿದಾದಷ್ಟೂ ಟೇಪ್‌ನ 'ಸ್ಸ್' ಎದ್ದು ಕೇಳುತ್ತದೆ. ಇದನ್ನು ಸರಿದೂಗಿಸಲು ಎರಡು ಉಪಾಯ ಮಾಡಿದರು. ಒಂದು, ವೇಗ. ಮಾಮೂಲಿ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಇಂಥ ಹಲವು ಯಂತ್ರಗಳಲ್ಲಿ ಅದರ ಎರಡರಷ್ಟು. ಇನ್ನೊಂದು, ಡಿಬಿಎಕ್ಸ್ ಅಥವಾ ಡಾಲ್ಬಿ ಅನ್ನುವ, 'ಸ್ಸ್' ತಗ್ಗಿಸುವ ವ್ಯವಸ್ಥೆ. ಡಿಬಿಎಕ್ಸ್ ವಿಷಯಕ್ಕೆ ನಿಧಾನವಾಗಿ ಬರೋಣ, ಅಲ್ಲಿ ಹೇಳುವುದು ತುಂಬ ಇದೆ.

ಈಗ ಹುಡುಕುವ ಕೆಲಸ. ಕ್ಯಾಸೆಟ್ ಹೊರಗೆ ತೆಗೆಯಿರಿ. ಮೈಕು, ಗಿಟಾರ್, ಕಂಪ್ಯೂಟರ್‌ಗೆ ಹೋಗುವ ವೈರು, ಎಲ್ಲ ಕಿತ್ತುಬಿಡಿ. ಪವರ್ ಮತ್ತು ಹೆಡ್‌ಫೋನ್ ಎರಡೇ ಇರಲಿ. ಫೇಡರ್‌ಗಳೆಲ್ಲ, ಅಂದರೆ ಸದ್ದು ಏರಿಳಿಸಲು ಜಾರಿಸುವ ಗುಂಡಿಗಳೆಲ್ಲ, ಪೂರ್ತಿ ಕೆಳಗೆ. ಈಗ ಹೆಡ್‌ಫೋನ್ ವಾಲ್ಯೂಮ್ ಮಾತ್ರ ಏರಿಸಿ. ಇಲ್ಲೇ 'ಗುಂಯ್' ಕೇಳಿದರೆ ಟೇಪ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಟೇಪ್ ತಾಗಿ ಓಡುವ, ಅದನ್ನು ಓದುವ ಹೆಡ್‌ಗೆ ಎಷ್ಟು ಸ್ಪಿರಿಟ್ ಒರೆಸಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಪವರ್‌ನಿಂದ ಬರುತ್ತಿದೆ. ಸದ್ದಿಲ್ಲದಿದ್ದರೆ ಮಾಸ್ಟರ್ ಫೇಡರ್ ಮೇಲಕ್ಕೆ ತನ್ನಿ. ಆಮೇಲೆ ಒಂದನೇ ಚಾನೆಲ್. ಅದನ್ನು ಇಳಿಸಿ ಎರಡನೆಯದು. ಹೀಗೆ ಒಂದೊಂದೇ. ಎಲ್ಲ ಚಾನೆಲ್‌ನಲ್ಲೂ ಒಂದೇ ಸದ್ದು ಇದ್ದರೆ ಎಲ್ಲಕ್ಕೂ ಸೇರಿದ ಜಾಗದಲ್ಲಿ ದೋಷ. ಮೂರನೆಯದರಲ್ಲಿ ಮಾತ್ರ ಇದ್ದರೆ ಮೂರನೆಯದರಲ್ಲೇ ಹುಡುಕಿ.

ಟ್ರಿಮ್, ಅಂದರೆ ಮೈಕಿನಿಂದ ಒಳಬರುವ ಸದ್ದಿನ ಮಟ್ಟ ಹೊಂದಿಸುವ ಗುಂಡಿ, ಏರಿಸಿದ ಹಾಗೆಲ್ಲ ಒಂದು 'ಸ್ಸ್' ಏರುತ್ತದೆ. ಅದು ಮೈಕ್ ಆಂಪ್ಲಿಫೈಯರ್‌ನ ಸಹಜ ಸದ್ದು. ಟ್ರಿಮ್ ಪೂರ್ತಿ ಏರಿಸಿ ಫೇಡರ್ ಅರ್ಧ ಇಳಿಸಿದರೆ ಜೋರಾದ ದನಿ ಒಡೆಯಬಹುದು. ಫೇಡರ್ ಅದರ ಗುರುತಿನ ಜಾಗದಲ್ಲಿಟ್ಟು, ಹಾಡುವವರು ಜೋರಾಗಿ ಹಾಡಿದಾಗ ಮೀಟರ್ ಸೊನ್ನೆಯ ಹತ್ತಿರ ಬರುವಷ್ಟು ಟ್ರಿಮ್ ಕೊಡಿ. ಮೈಕ್ ಬಾಯಿಗೆ ಸ್ವಲ್ಪ ಹತ್ತಿರ ತಂದರೆ ಟ್ರಿಮ್ ಇನ್ನೂ ಇಳಿಸಬಹುದು.

ಇಷ್ಟು ಆದ ಮೇಲೆ ಕ್ಯಾಸೆಟ್. ಏನೂ ರೆಕಾರ್ಡ್ ಆಗದ ಹೊಸ ಕ್ಯಾಸೆಟ್ ಹಾಕಿ ಪ್ಲೇ ಮಾಡಿ. ಆಮೇಲೆ ಇನ್‌ಪುಟ್ ಎಲ್ಲ ಮುಚ್ಚಿ, ನಾಲ್ಕೂ ಟ್ರ್ಯಾಕ್ ಮೇಲೆ ಅರ್ಧ ನಿಮಿಷ ಮೌನವನ್ನೇ ರೆಕಾರ್ಡ್ ಮಾಡಿ, ಹಿಂದಕ್ಕೆ ಸುತ್ತಿ ಕೇಳಿ. ರೆಕಾರ್ಡ್ ಆಗದ ಜಾಗದಿಂದ ರೆಕಾರ್ಡ್ ಆದ ಜಾಗಕ್ಕೆ ಬರುವಾಗ ಸದ್ದು ಒಂದು ಮಟ್ಟ ಏರುವುದು ಸಹಜ, ರೆಕಾರ್ಡ್ ಮಾಡುವಾಗ ಹಾಡಿನ ಜೊತೆ ಹೆಡ್‌ಗೆ ಹರಿಯುವ, ಕಿವಿಗೆ ಕೇಳದ ಬಯಾಸ್ ಕರೆಂಟ್ ಟೇಪ್ ಮೇಲೆ ಸ್ವಲ್ಪ ಸದ್ದು ಬಿಟ್ಟೇ ಬಿಡುತ್ತದೆ. ಆದರೆ ಅಲ್ಲಿ ಪಟಪಟ, ಗೊರಗೊರ ಶುರುವಾದರೆ ದೋಷ ರೆಕಾರ್ಡ್ ಮಾಡುವ ಕಡೆ ಇದೆ ಅಥವಾ ಹೆಡ್‌ಗೆ ಅಯಸ್ಕಾಂತದ ಗುಣ ಅಂಟಿಕೊಂಡಿದೆ. ಹೊಸ ಟೇಪ್ ಪ್ಲೇ ಮಾಡುವಾಗಲೇ ಇದ್ದರೆ ಪ್ಲೇ ಕಡೆಯದ್ದು. ಈ ಪರೀಕ್ಷೆಗೆ ಖರ್ಚಿಲ್ಲ, ಯಂತ್ರ ಬಿಚ್ಚಬೇಕಿಲ್ಲ. ಕೊಳ್ಳುವ ಮೊದಲೇ ಮಾರುವವರ ಮನೆಯಲ್ಲೇ ಮಾಡಬಹುದು. ಹೋಗುವಾಗ ಒಂದು ಹೊಸ ಕ್ಯಾಸೆಟ್, ಒಂದು ಹೆಡ್‌ಫೋನ್ ಜೊತೆಗಿರಲಿ.

'ಗುಂಯ್' ವಿಷಯಕ್ಕೆ ಬರುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಜ್. ಮೆತ್ತಗೆ, ದುಂಡಗೆ ಕೇಳುವ ತಗ್ಗಿನ ಸದ್ದಾದರೆ ಅದು 50. ಯಾವುದೋ ಟ್ರಾನ್ಸ್‌ಫಾರ್ಮರ್ ಹತ್ತಿರ ಇದೆ ಅಥವಾ ಗ್ರೌಂಡ್ ಎರಡು ದಾರಿಯಲ್ಲಿ ಸುತ್ತಿಕೊಂಡಿದೆ. ಅದಕ್ಕಿಂತ ಎತ್ತರದ, ಒರಟಾದ 'ಜುಂಯ್' ಆದರೆ ಅದು 100, ಅಂದರೆ ಎಸಿಯನ್ನು ಡಿಸಿ ಮಾಡಿದ ಮೇಲೆ ಉಳಿದ ಅಲೆ. ಅದನ್ನು ನುಣುಪು ಮಾಡಬೇಕಾದ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಥವಾ ಅಡಾಪ್ಟರ್ ಸರಿಯಿಲ್ಲ. ಕಿವಿಯಲ್ಲಿ ವ್ಯತ್ಯಾಸ ಗೊತ್ತಾಗದಿದ್ದರೆ ಮೊಬೈಲ್‌ನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆಪ್ ಹಾಕಿ ಹೆಡ್‌ಫೋನ್ ಹತ್ತಿರ ಹಿಡಿಯಿರಿ. ಯಾವ ಗೆರೆ ಎದ್ದಿದೆ ಅಂತ ಕಣ್ಣಿಗೇ ಕಾಣುತ್ತದೆ.

ಅಡಾಪ್ಟರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಬೇಕು. ಈ ಯಂತ್ರಗಳು ನಮಗೆ ಬರುವುದು ಜಪಾನ್, ಅಮೆರಿಕ, ಗಲ್ಫ್ ಕಡೆಯಿಂದ. ಬರುವ ದಾರಿಯಲ್ಲಿ ಮೂಲ ಅಡಾಪ್ಟರ್ ಕಳೆದುಹೋಗಿರುತ್ತದೆ, ಮಾರುವವರು ಕೈಗೆ ಸಿಕ್ಕಿದ್ದನ್ನು ಸೇರಿಸಿ ಕೊಡುತ್ತಾರೆ. ಪಿನ್ ಸರಿಹೋದ ಮಾತ್ರಕ್ಕೆ ಅಡಾಪ್ಟರ್ ಸರಿ ಅಂತಲ್ಲ. ಯಂತ್ರದ ಹಿಂದೆ ಬರೆದಿರುತ್ತದೆ, ಓದಿ: ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಎಸಿಯೋ ಡಿಸಿಯೋ, ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ. ಇದರಲ್ಲಿ ವೋಲ್ಟ್ ಮತ್ತು ಪ್ಲಸ್ ಮೈನಸ್ ತಪ್ಪಿದರೆ ಯಂತ್ರವೇ ಸುಡಬಹುದು. ಆಂಪಿಯರ್ ಕಡಿಮೆಯಾದರೆ ಒಂದು ವಿಚಿತ್ರ ಲಕ್ಷಣ ಕಾಣುತ್ತದೆ. ಟೇಪ್ ನಿಂತಿದ್ದಾಗ ಸದ್ದಿಲ್ಲ, ಮೋಟರ್ ಶುರುವಾದ ಕೂಡಲೇ 'ಜುಂಯ್' ಬರುತ್ತದೆ. ಮೋಟರ್ ಎಳೆಯುವಷ್ಟು ಕರೆಂಟನ್ನು ಅದಕ್ಕೆ ಕೊಡಲಾಗುತ್ತಿಲ್ಲ ಅಂತ ಅರ್ಥ. ಮೊಬೈಲ್ ಚಾರ್ಜರ್ ಥರದ ಹಗುರ ಅಡಾಪ್ಟರ್‌ಗಳು ಬೇರೆಯೇ ತೊಂದರೆ ಕೊಡುತ್ತವೆ. ಅಗ್ಗದವು ತೆಳ್ಳಗೆ ಒಂದು 'ಕೀ' ಸದ್ದು ಒಳಗೆ ಬಿಡುತ್ತವೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹುಡುಕಿದರೆ ಟ್ರಾನ್ಸ್‌ಫಾರ್ಮರ್ ಇರುವ, ಕೈಗೆ ಭಾರ ಎನಿಸುವ ರೆಗ್ಯುಲೇಟೆಡ್ ಅಡಾಪ್ಟರ್ ಈಗಲೂ ಸಿಗುತ್ತದೆ. ಒಳಗೇ ಪವರ್ ಸಪ್ಲೈ ಇರುವ ಅಮೆರಿಕದ ಯಂತ್ರವಾದರೆ 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಬೇಕು, ಜಪಾನಿನದ್ದಾದರೆ 100ಕ್ಕೆ. ಆ ಸ್ಟೆಪ್‌ಡೌನನ್ನು ಯಂತ್ರಕ್ಕೆ ಅಂಟಿಸಿ ಇಡಬೇಡಿ. ಒಂದು ಮೀಟರ್ ದೂರ ಸರಿಸಿದರೆ 50 ಹರ್ಟ್ಜ್ ಎಷ್ಟೋ ಇಳಿಯುತ್ತದೆ.

ಮೊದಲು ಹೇಳಿದೆನಲ್ಲ, ಒಂದು ಸದ್ದು ಈ ಕೋಣೆಯದ್ದು ಅಂತ. ನೋಡಿ, ಈಗ ಆ ಫ್ಯಾನ್ ರೆಗ್ಯುಲೇಟರನ್ನು ಎರಡರಿಂದ ಐದಕ್ಕೆ ತಿರುಗಿಸುತ್ತಾರೆ. ಕೇಳಿದಿರಾ? ಗಿಟಾರ್ ಚಾನೆಲ್‌ನಲ್ಲಿದ್ದ ಒರಟು ಸದ್ದು ಪೂರ್ತಿ ಹೋಯಿತು. ತಿರುಗಿಸುವ ಥರದ ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಫ್ಯಾನಿನ ವೇಗ ಇಳಿಸುತ್ತವೆ. ಹಾಗೆ ಕತ್ತರಿಸಿದ ಅಂಚಿನ ಸದ್ದನ್ನು ಗಿಟಾರಿನ ತಂತಿಯ ಕಂಪನ ಹಿಡಿಯುವ ಪಿಕಪ್, ಉದ್ದ ವೈರು ಎಲ್ಲವೂ ಹಿಡಿಯುತ್ತವೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಕೂಡ ಹೀಗೇ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಮನೆ ನಡೆಯುತ್ತಿದ್ದರಂತೂ ರೆಕಾರ್ಡಿಂಗ್ ನಿಲ್ಲಿಸಿ ಕಾಫಿ ಕುಡಿಯುವುದೇ ಒಳ್ಳೆಯದು.

ಕಂಪ್ಯೂಟರ್‌ಗೆ ವೈರ್ ಚುಚ್ಚಿದಾಗ ಮಾತ್ರ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಹೋಯಿತಾ? ಹಾಗಾದರೆ ಅದು ಗ್ರೌಂಡ್ ಲೂಪ್, ಆಗಲೇ ಹೇಳಿದ ಗ್ರೌಂಡ್ ಎರಡು ದಾರಿಯಲ್ಲಿ ಸುತ್ತಿಕೊಳ್ಳುವುದು. ನಡುವೆ ಒಂದು ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಮುಗಿಯಿತು. ದಯವಿಟ್ಟು ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿಯಬೇಡಿ. ಸದ್ದು ಹೋಗುತ್ತದೆ ನಿಜ, ಆದರೆ ಮೈಕು ಬಾಯಿಗೆ ತಾಗಿದಾಗ ಶಾಕ್ ಹೊಡೆಯದಂತೆ ಕಾಪಾಡುತ್ತಿರುವುದೂ ಅದೇ ಪಿನ್ನು. ಇದರಲ್ಲಿ ರಾಜಿ ಬೇಡ.

'ಚರ್ ಚರ್' ಬಗ್ಗೆ ಹೇಳುವುದು ಕಡಿಮೆ. ಫೇಡರ್ ಜಾರಿಸಿದಾಗ, ಗುಂಡಿ ತಿರುಗಿಸಿದಾಗ, ಸ್ವಿಚ್ ಒತ್ತಿದಾಗ ಬಂದರೆ ಅದು ಧೂಳು ಮತ್ತು ತುಕ್ಕು. ಪವರ್ ಆಫ್ ಮಾಡಿ, ಫೇಡರ್‌ಗೆ ಅಂತಲೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಒಂದು ಚಿಮುಕು ಬಿಟ್ಟು, ಮೇಲೆ ಕೆಳಗೆ ಹತ್ತಾರು ಸಲ ಆಡಿಸಿ, ಒಣಗಲು ಬಿಡಿ. ಡಬ್ಲ್ಯೂಡಿ-40 ಹಾಕಬೇಡಿ. ಅದು ಬಿಟ್ಟುಹೋಗುವ ಎಣ್ಣೆಗೆ ಧೂಳು ಅಂಟಿ ಕೆಲವೇ ತಿಂಗಳಲ್ಲಿ ಇನ್ನೂ ಕೆಡುತ್ತದೆ. ಏನೂ ಮುಟ್ಟದೆ ಇದ್ದಾಗಲೂ ಚರಗುಟ್ಟಿದರೆ ಮಾತ್ರ ಒಳಗಿನ ಬೆಸುಗೆ ಬಿಟ್ಟಿರಬಹುದು, ಸದ್ದು ಹೆಚ್ಚಿಸುವ ಚಿಪ್, ಅಂದರೆ ಆಪ್‌ಆಂಪ್, ಕೆಟ್ಟಿರಬಹುದು. ಅದು ಅನುಭವ ಇರುವವರ ಕೆಲಸ.

ಈಗ ಟೇಪ್ ಕಡೆಗೆ. ಹತ್ತಿಯ ಕಡ್ಡಿ ಮತ್ತು 99 ಶೇಕಡದ ಐಸೋಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಮೆಡಿಕಲ್ ಸ್ಟೋರ್‌ನ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ನೀರು ಸೇರಿರುತ್ತದೆ, ಎಷ್ಟೋ ಸಲ ಎಣ್ಣೆಯಂಥದ್ದೂ ಇರುತ್ತದೆ. ಹೆಡ್ ಒರೆಸಿ, ಕಡ್ಡಿಯ ಬಣ್ಣ ನೋಡಿ. ಕಂದು ಬಣ್ಣ ಬಂದರೆ ಅದು ಹಳೆಯ ಟೇಪ್‌ಗಳಿಂದ ಉದುರಿದ ಪುಡಿ. ಕಡ್ಡಿ ಬೆಳ್ಳಗೆ ಬರುವ ತನಕ ಒರೆಸಿ. ಪಕ್ಕದ ಸಣ್ಣ ಉಕ್ಕಿನ ಕಂಬಿ, ಅಂದರೆ ಕ್ಯಾಪ್‌ಸ್ಟನ್ ಕೂಡ. ಟೇಪನ್ನು ಆ ಕಂಬಿಗೆ ಒತ್ತಿ ಹಿಡಿಯುವ ರಬ್ಬರಿನ ಪಿಂಚ್ ರೋಲರ್‌ಗೆ ಕಡ್ಡಿ ಸ್ವಲ್ಪ ಒದ್ದೆಯಿದ್ದರೆ ಸಾಕು.

ಹೆಡ್‌ಗೆ ಅಂಟಿದ ಅಯಸ್ಕಾಂತದ ಗುಣ ತೆಗೆಯಲು ಡಿಮ್ಯಾಗ್ನೆಟೈಸರ್ ಬಳಸುತ್ತಾರೆ. ಮೊದಲು ಯಂತ್ರ ಆಫ್. ಕ್ಯಾಸೆಟ್‌ಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ. ಡಿಮ್ಯಾಗ್ನೆಟೈಸರನ್ನು ಒಂದು ತೋಳು ದೂರ ಹಿಡಿದು ಆನ್ ಮಾಡಿ. ನಿಧಾನವಾಗಿ ಹತ್ತಿರ ತನ್ನಿ, ಹೆಡ್ ಮುಂದೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಅಷ್ಟೇ ನಿಧಾನವಾಗಿ ಹಿಂದಕ್ಕೆ ತನ್ನಿ. ಮತ್ತೆ ಒಂದು ತೋಳು ದೂರ ಬಂದ ಮೇಲೆ ಆಫ್ ಮಾಡಿ. ಹೆಡ್ ಹತ್ತಿರ ಇರುವಾಗ ಕೈತಪ್ಪಿ ಆಫ್ ಆದರೆ ಹೆಡ್ ಮೊದಲಿಗಿಂತ ಕೆಟ್ಟದಾಗಿ ಅಯಸ್ಕಾಂತ ಆಗುತ್ತದೆ. ಹಾಗಾದರೆ ಹೆದರಬೇಡಿ, ಇಡೀ ಕ್ರಮ ಮೊದಲಿನಿಂದ ಮಾಡಿದರೆ ಸರಿಹೋಗುತ್ತದೆ.

ಇನ್ನು ಡಿಬಿಎಕ್ಸ್. ಇದು ರೆಕಾರ್ಡ್ ಮಾಡುವಾಗ ಸದ್ದಿನ ಏರಿಳಿತವನ್ನು ಅರ್ಧಕ್ಕೆ ಒತ್ತುತ್ತದೆ, ಪ್ಲೇ ಮಾಡುವಾಗ ಎರಡರಷ್ಟು ಹಿಗ್ಗಿಸುತ್ತದೆ. ಮೈನಸ್ 40 ಡೆಸಿಬಲ್‌ನ ಮೆಲುದನಿ ಟೇಪ್ ಮೇಲೆ ಮೈನಸ್ 20 ಆಗಿ ಕೂರುತ್ತದೆ, ವಾಪಸ್ ಬರುವಾಗ ಮೈನಸ್ 40ಕ್ಕೆ ಇಳಿಯುತ್ತದೆ. ಟೇಪ್‌ನ 'ಸ್ಸ್' ಮಾತ್ರ ನಡುವೆ ಸೇರಿದ್ದು. ಅದು ಮೈನಸ್ 50 ಇದ್ದರೆ ಹಿಗ್ಗಿಸಿದಾಗ ಮೈನಸ್ 100ಕ್ಕೆ ಹೋಗಿ ಕೇಳದೇ ಆಗುತ್ತದೆ. ಎಷ್ಟು ಚೆಂದದ ಉಪಾಯ! ಆದರೆ ಹಿಗ್ಗಿಸುವಾಗ ತಪ್ಪೂ ಎರಡರಷ್ಟಾಗುತ್ತದೆ. ಹೆಡ್ ಮೇಲೆ ಕೊಳೆ ಕೂತು ಸದ್ದು 3 ಡೆಸಿಬಲ್ ಕಡಿಮೆ ಬಂದರೆ ಹೊರಗೆ 6 ಕಡಿಮೆ. ಟೇಪ್ ಮೇಲಿನ ಸಣ್ಣ ಕಲೆ ಇಲ್ಲಿ ದೊಡ್ಡ ಹೊಂಡ. ಅದಕ್ಕೇ ಡಿಬಿಎಕ್ಸ್ ಕೆಟ್ಟಿದೆ ಅಂತ ಬರುವ ಯಂತ್ರಗಳಲ್ಲಿ ಎಷ್ಟೋ ಕೇವಲ ಹೆಡ್ ಒರೆಸಿದರೆ ಸರಿಹೋಗುತ್ತವೆ.

ಇನ್ನೊಂದು ದೂರು ತುಂಬ ಸಲ ಕೇಳಿದ್ದೇನೆ: "ಬೇಸ್ ಗಿಟಾರ್ ನುಡಿಸಿದಾಗ ಮಾತ್ರ ಸ್ಸ್ ಬರುತ್ತದೆ, ನಿಲ್ಲಿಸಿದರೆ ಹೋಗುತ್ತದೆ." ಕೇಳಿ, ಇದೇ ಅದು. ಪ್ರತಿ ಪೆಟ್ಟಿಗೂ ಹಿಂದೆ ಒಂದು ಉಸಿರು ಎದ್ದು ಇಳಿಯುತ್ತದೆ. ಜೋರಾದ ಸದ್ದು ಬಂದಾಗ ಡಿಬಿಎಕ್ಸ್ ಬಾಗಿಲು ತೆರೆದ ಹಾಗೆ ತೆರೆದುಕೊಳ್ಳುತ್ತದೆ, ಹಾಡಿನ ಜೊತೆ 'ಸ್ಸ್' ಕೂಡ ಒಳಗೆ ಬರುತ್ತದೆ. ತಾಳ, ಗಿಟಾರಿನಂಥ ಎತ್ತರದ ಸದ್ದಿದ್ದರೆ ಅದರ ಮರೆಯಲ್ಲಿ ಗೊತ್ತಾಗುವುದಿಲ್ಲ. ಬರೀ ತಗ್ಗಿನ ಸದ್ದಾದರೆ ಮರೆ ಮಾಡಲು ಏನೂ ಇಲ್ಲ. ಇದು ದೋಷವಲ್ಲ, ಆ ವಿಧಾನದ ಗುಣ. ಆ ಟ್ರ್ಯಾಕನ್ನು ಮಿಕ್ಸ್ ಮಾಡುವಾಗ ಟ್ರೆಬಲ್ ಇಳಿಸಿ, ಬೇಸ್‌ಗೆ ಅದರಿಂದ ನಷ್ಟವಿಲ್ಲ. ಒಟ್ಟು ಹಾಡಿನೊಳಗೆ ಸೇರಿದ ಮೇಲೆ ಬಹುತೇಕ ಕೇಳುವುದೇ ಇಲ್ಲ. ಒಂದೇ ಟ್ರ್ಯಾಕನ್ನು ಹೆಡ್‌ಫೋನ್‌ನಲ್ಲಿ ಕೇಳಿ ಕೊರಗಬೇಡಿ.

ಕ್ಯಾಸೆಟ್ ಆಯ್ಕೆಯೂ ಮುಖ್ಯ. ಈ ಯಂತ್ರಗಳಲ್ಲಿ ಬಹುಪಾಲು ಟೈಪ್ 2, ಅಂದರೆ ಕ್ರೋಮ್ ಥರದ ಟೇಪ್‌ಗೆ ಹೊಂದಿಸಿದವು. ಮಾಮೂಲಿ ಟೈಪ್ 1 ಹಾಕಿದರೆ ರೆಕಾರ್ಡ್ ಆಗುತ್ತದೆ, ಆದರೆ ಎತ್ತರದ ಸ್ವರಗಳು ಮಂಕಾಗಿ 'ಸ್ಸ್' ಎದ್ದು ಕಾಣುತ್ತದೆ. ಸಿ-60, ಅಂದರೆ ಎರಡೂ ಸೈಡ್ ಸೇರಿ 60 ನಿಮಿಷದ ಕ್ಯಾಸೆಟ್ ಸಾಕು. ಎರಡರಷ್ಟು ವೇಗದಲ್ಲಿ ಅದು 15 ನಿಮಿಷ ಬರುತ್ತದೆ, ಎರಡು ಮೂರು ಹಾಡಿಗೆ ಧಾರಾಳ. ಸಿ-120ರ ಟೇಪ್ ತೀರಾ ತೆಳು, ಅದರ ಹತ್ತಿರ ಹೋಗಬೇಡಿ. ಸುತ್ತಿನ ಮೇಲೆ ಸುತ್ತು ಕೂತಾಗ ಒಂದು ಪದರದ ಹಾಡು ಪಕ್ಕದ ಪದರಕ್ಕೆ ಅಂಟಿ, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳುತ್ತದೆ.

ನೆರಳು ಅಂದಾಗ ಇನ್ನೊಂದು ನೆನಪಾಯಿತು. ಹೊಸದಾಗಿ ರೆಕಾರ್ಡ್ ಮಾಡಿದ್ದರ ಹಿಂದೆ ಹಳೆಯ ಹಾಡು ಸಣ್ಣಗೆ ಕೇಳುತ್ತಿದ್ದರೆ ಅಳಿಸುವ ಹೆಡ್ ನೋಡಿ. ಎಷ್ಟೋ ಸಲ ಅದರ ಮೇಲೂ ಕೊಳೆಯೇ ಇರುತ್ತದೆ. ಪಕ್ಕದ ಟ್ರ್ಯಾಕ್‌ನ ಸದ್ದು ಸೋರುವುದು ಬೇರೆ. ಮೆಟ್ರೋನೋಮ್‌ನ ಟಕ್ ಟಕ್ ಎರಡನೇ ಟ್ರ್ಯಾಕ್‌ನಲ್ಲಿದ್ದರೆ ಒಂದಕ್ಕೂ ಮೂರಕ್ಕೂ ಸೋರುತ್ತದೆ. ಅದನ್ನು ಅಂಚಿನ ನಾಲ್ಕನೆಯದಕ್ಕೆ ಹಾಕಿ, ಮಟ್ಟ ಇಳಿಸಿ, ಹಾಡುವವರ ದನಿಯನ್ನು ಒಂದನೆಯದಕ್ಕೋ ಎರಡನೆಯದಕ್ಕೋ ಕೊಡಿ. ಮೂರು ಟ್ರ್ಯಾಕನ್ನು ಸೇರಿಸಿ ನಾಲ್ಕನೆಯದಕ್ಕೆ ಇಳಿಸುವಾಗ ಮೂರರ 'ಸ್ಸ್' ಕೂಡಿ ಸುಮಾರು 5 ಡೆಸಿಬಲ್ ಏರುತ್ತದೆ. ಹಾಗಾಗಿ ಹಾಡು ಶುರುವಾಗುವ ಮೊದಲಿನ ಖಾಲಿ ಜಾಗದಲ್ಲಿ ಫೇಡರ್ ಇಳಿಸಿಟ್ಟಿರಿ, ದನಿ ಬರುವಾಗ ಏರಿಸಿ.

ಪ್ರಶ್ನೆಗಳಿಗೆ ಬರೋಣ. "ಸರ್, ನನ್ನದರಲ್ಲಿ ತೆಳ್ಳಗೆ 'ಕೀ' ಅಂತ ಬರುತ್ತದೆ, ಪ್ಲೇ ಮಾಡಿದಾಗ ಮಾತ್ರ. ಅಡಾಪ್ಟರ್ ಬದಲಿಸಿ ನೋಡಿದೆ, ಹೋಗಲಿಲ್ಲ." ಪಿಚ್ ಗುಂಡಿ ಇದೆಯಲ್ಲ, ಅದನ್ನು ತಿರುಗಿಸಿ. ಟೇಪ್ ವೇಗದ ಜೊತೆ ಆ ಸದ್ದಿನ ಸ್ವರವೂ ಏರಿಳಿಯಿತಾ? ಖಾಲಿ ಟೇಪ್ ಮೇಲೂ ಹಾಗೇ ಆದರೆ ಅದು ಮೋಟರ್‌ನಿಂದ ಹೆಡ್ ಹಿಡಿಯುತ್ತಿರುವ ಸದ್ದು. ಮೋಟರ್ ಸುತ್ತಲಿನ ಲೋಹದ ಕವಚ, ಅದರ ಗ್ರೌಂಡ್ ವೈರ್ ಬಿಟ್ಟಿದೆಯಾ ನೋಡಿಸಿ. ಸ್ವರ ಬದಲಾಗದಿದ್ದರೆ ಮೋಟರ್ ಬಿಟ್ಟುಬಿಡಿ, ಪವರ್ ಕಡೆ ಹುಡುಕಿ.

ಇನ್ನೊಂದು ಪ್ರಶ್ನೆ ಒಳ್ಳೆಯದಿದೆ. "ನಮ್ಮ ಚಿಕ್ಕಪ್ಪ 80ರ ದಶಕದಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಇದೆ. ನನ್ನ ಯಂತ್ರದಲ್ಲಿ ಹಾಕಿದರೆ ಸದ್ದು ಕತ್ತರಿಸಿ ಕತ್ತರಿಸಿ ಬರುತ್ತದೆ. ಟೇಪ್ ಹಾಳಾಗಿದೆಯಾ?" ಅಷ್ಟು ಬೇಗ ತೀರ್ಮಾನಿಸಬೇಡಿ. ಅವರು ಯಾವ ಯಂತ್ರ ಬಳಸಿದ್ದರು ಅಂತ ಕೇಳಿ. ಟೀಯಾಕ್ 144, ಫೋಸ್ಟೆಕ್ಸ್ ಎಕ್ಸ್-15 ಡಾಲ್ಬಿ ಬಿ ಬಳಸಿದವು. ಫೋಸ್ಟೆಕ್ಸ್ 250ರಲ್ಲಿ ಡಾಲ್ಬಿ ಸಿ. ಟಾಸ್ಕ್ಯಾಮ್ 244, 424, ಯಮಾಹಾ ಎಂಟಿ4ಎಕ್ಸ್ ಎಲ್ಲ ಡಿಬಿಎಕ್ಸ್. ಡಾಲ್ಬಿ ಟೇಪನ್ನು ಡಿಬಿಎಕ್ಸ್ ಹಾಕಿ ನುಡಿಸಿದರೆ ನೀವು ಹೇಳಿದ ಹಾಗೇ ಸದ್ದು ಹರಿದು ಹರಿದು ಬರುತ್ತದೆ. ಎಕ್ಸ್-15 ಮಾಮೂಲಿ ವೇಗದ್ದು, ಅದೂ ಗಮನದಲ್ಲಿರಲಿ. ಮೊದಲು ಡಿಬಿಎಕ್ಸ್ ಆಫ್ ಮಾಡಿ, ವೇಗ ಸರಿಮಾಡಿ ಕೇಳಿ. ಸರಿಯಾಗಿ ಬಂದರೆ ನಾಲ್ಕೂ ಟ್ರ್ಯಾಕನ್ನು ಬೇರೆ ಬೇರೆಯಾಗಿ, ಒಂದೇ ಓಟದಲ್ಲಿ ಕಂಪ್ಯೂಟರ್‌ಗೆ ಇಳಿಸಿ. 'ಸ್ಸ್' ತೆಗೆಯುವ ಸಾಫ್ಟ್‌ವೇರನ್ನು ಆ ಮೂಲ ಪ್ರತಿಯ ಮೇಲೆ ಓಡಿಸಬೇಡಿ, ಅದರ ನಕಲಿನ ಮೇಲೆ ಏನು ಬೇಕಾದರೂ ಮಾಡಿ. ಮತ್ತೆ ನೀವು ಹೊಸದಾಗಿ ಮಾಡುವ ಪ್ರತಿ ಕ್ಯಾಸೆಟ್‌ನ ಚೀಟಿ ಮೇಲೆ ಯಂತ್ರ, ವೇಗ, ಡಿಬಿಎಕ್ಸ್ ಇತ್ತೋ ಇಲ್ಲವೋ, ಪಿಚ್ ಗುಂಡಿ ಎಲ್ಲಿತ್ತು, ಇಷ್ಟನ್ನು ಬರೆದಿಡಿ. ಮುಂದೆ ಅದನ್ನು ನುಡಿಸುವವರು ಚಿಕ್ಕಪ್ಪನನ್ನು ಹುಡುಕಿಕೊಂಡು ಹೋಗುವ ಹಾಗಾಗಬಾರದು.